ಬಾಡದ ಮಲ್ಲಿಗೆಯೂ ನನ್ನ ಬಲಗಣ್ಣೂ

ರೂಪ, ಬಣ್ಣ, ಕಂಠ ಇವನ್ನೆಲ್ಲ ಹಂಚುತ್ತ ಬಂದ ದೇವರು ನನ್ನ ಪಾಳಿ ಬಂದಾಗ ಸ್ವಲ್ಪ ಕೈ ಬಿಗಿ ಹಿಡಿದ. ಅದಕ್ಕೆ ನನ್ನ ತಕರಾರಿಲ್ಲ. ಯಾಕೆಂದರೆ ಕಣ್ಣು ಕೊಡುವಾಗ ಮಾತ್ರ ಧಾರಾಳವಾಗಿ ಕೊಟ್ಟ. ಮೊರದಲ್ಲಿ ತೊಗರಿಬೇಳೆ ಹರವಿ ಒಮ್ಮೆ ಕೊಡವಿದರೆ ಸಾಕು, ಕಲ್ಲುಗಳು ತಾವಾಗಿಯೇ ನಾಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದವು. ನಮ್ಮ ಓಣಿಯ ಹೆಣ್ಣುಮಕ್ಕಳು ಮನೆಯಲ್ಲಿ ಬೇಳೆ ಹಸನು ಮಾಡಿದ ಮೇಲೂ ಕೊನೆಯ ಪರೀಕ್ಷೆಗೆ ನನ್ನ ಕಟ್ಟೆಗೆ ತರುತ್ತಿದ್ದರು. ನಾನು ಪಾಸು ಮಾಡಿದ ಬೇಳೆಗೆ ವಾಡಿಯಲ್ಲಿ ಅಂಥ ಮರ್ಯಾದೆ!

ಹೀಗಿರುವಾಗ ಒಂದು ವರ್ಷ ಊರಿಗೆ ಊರೇ ಮಸುಕಾಗತೊಡಗಿತು. ಎದುರು ಮನೆಯ ಗೋಡೆ, ನೀರಿನ ಟಾಕಿ, ಸ್ಟೇಷನ್ನಿನ ಹಳದಿ ಬೋರ್ಡು ಎಲ್ಲದರ ಮೇಲೂ ಯಾರೋ ತೆಳುವಾದ ಮಲಮಲ್ ಬಟ್ಟೆ ಹೊದಿಸಿದ ಹಾಗೆ. ಬೇರೆ ಊರಿನಲ್ಲಾಗಿದ್ದರೆ ಕಣ್ಣಿಗೆ ಏನೋ ಆಗಿದೆ ಎಂದು ಹೊಳೆಯುತ್ತಿತ್ತೇನೋ. ಸಿಮೆಂಟಿನ ಊರಾದ ವಾಡಿಯಲ್ಲಿ ಮಸುಕು ಕಂಡರೆ ಯಾರಾದರೂ ಕಣ್ಣನ್ನು ಅನುಮಾನಿಸುತ್ತಾರೆಯೇ? ನಾನು ಕಿಟಕಿ ಒರೆಸಿದೆ. ಬಾಗಿಲು ಒರೆಸಿದೆ. ಕ್ಯಾಲೆಂಡರಿನ ದೇವರನ್ನು ಒರೆಸಿದೆ. ಕೊನೆಗೆ ಸಿಟ್ಟು ಬಂದು ನಮ್ಮವರ ಮುಂದೆ ನಿಂತೆ.

"ರೀ, ಈ ಕಾರ್ಖಾನಿಯವರಿಗಿ ಹೇಳೋರು ಕೇಳೋರು ಯಾರೂ ಇಲ್ಲೇನ್ರಿ? ಎಷ್ಟು ಧೂಳು ಬಿಡ್ಲಿಕತ್ತಾರ ನೋಡ್ರಿ!"

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕಾರ್ಖಾನಿ ಬಂದ್ ಆಗಿ ವಾರ ಆಯ್ತು. ಒಳಗ ರಿಪೇರಿ ನಡದದ."

"ಮತ್ತ ಈ ಧೂಳು ಎಲ್ಲಿದು?"

"ಯಾವ ಧೂಳು?" ಎಂದು ಅವರು ಈಗ ತಲೆ ಎತ್ತಿದರು.

ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ದೇವರ ದೀಪದ ಸುತ್ತ ನನಗೆ ಬಣ್ಣದ ಬಳೆ ಕಾಣತೊಡಗಿತ್ತು. ಇಷ್ಟು ವರ್ಷದ ಸೋಮವಾರಗಳು ಫಲ ಕೊಟ್ಟವು, ಇದು ಸಾಕ್ಷಾತ್ ಪ್ರಭಾವಳಿ ಎಂದುಕೊಂಡು ಒಳಗೊಳಗೇ ಪುಳಕಗೊಂಡಿದ್ದೆ. ಅದೇ ಪ್ರಭಾವಳಿ ಬೀದಿ ದೀಪದ ಸುತ್ತಲೂ, ಆಮೇಲೆ ಪಂಚರ್ ಅಂಗಡಿಯ ಬಲ್ಬಿನ ಸುತ್ತಲೂ ಕಂಡಾಗ ಸ್ವಲ್ಪ ಅನುಮಾನ ಬಂತು.

ನಮ್ಮವರು ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ಮನುಷ್ಯರ ಮಾತನ್ನು ಅವರು ನಂಬುವುದಿಲ್ಲ, ಸಿಗ್ನಲ್ಲನ್ನು ಮಾತ್ರ ನಂಬುತ್ತಾರೆ. ಆ ಸಂಜೆ ನನ್ನನ್ನು ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಆ ಸಿಗ್ನಲ್ ನೋಡು. ಯಾವ ಬಣ್ಣ ಅದ?"

"ಯಾವುದ್ರಿ? ಅಲ್ಲಿ ಮೂರು ನಾಕು ಅವ."

"ಒಂದೇ ಅದ."

"ಒಂದೇ ಇದ್ದಿದ್ರ ದಾಸವಾಳದ ಗೊಂಚಲು ಕಂಡಂಗ ಯಾಕ ಕಾಣ್ತದ?"

ಅವರು ದೀರ್ಘವಾಗಿ ಉಸಿರು ಬಿಟ್ಟರು. "ನೀ ರೈಲ್ವೆ ಸೇರಲಿಲ್ಲ. ಪುಣ್ಯ ನಮ್ಮ ಇಲಾಖೆದು."

ಆ ವಾರವೇ ಊಟದ ಹೊತ್ತಿಗೆ ಅವರ ಬಾಯಿಯಿಂದ "ಟಕ್" ಎಂಬ ಸದ್ದು ಬಂತು. ಕಲ್ಲನ್ನು ತೆಗೆದು ತಾಟಿನ ಅಂಚಿನಲ್ಲಿ ಇಟ್ಟರು. ಬಗ್ಗಿ ನೋಡಿದರೆ ಅಲ್ಲಿ ಆಗಲೇ ಒಂದು ಸಾಲೇ ಇತ್ತು. "ಇವತ್ತು ಬ್ಯಾಳ್ಯಾಗ ಶಹಾಬಾದ ಫರ್ಸಿ ಹಾಸೀ ಏನು?" ಎಂದರು. ನಾನು ಪಾಸು ಮಾಡಿದ ಬೇಳೆ! ಅವರ ಹಲ್ಲು ಗಟ್ಟಿ ಇದ್ದವು ಎಂಬುದೊಂದೇ ಆ ದಿನ ದೇವರು ತೋರಿದ ದಯೆ.

ಆ ಫರ್ಸಿಯ, ಅಂದರೆ ಹಾಸುಗಲ್ಲಿನ, ಊರಾದ ಶಹಾಬಾದಿಗೇ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು, ನಗುಮುಖದವಳು. ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇರಿಸಿ, ಬೆಳಕು ಬಿಟ್ಟು, ಒಳಗೆ ಕಳೆದುಹೋದ ವಸ್ತು ಹುಡುಕುವವರ ಹಾಗೆ ಬಹಳ ಹೊತ್ತು ನೋಡಿದಳು.

"ಎರಡೂ ಕಣ್ಣಿಗಿ ಪೊರೆ ಬಂದದರಿ ಅಮ್ಮಾ. ಬಲಗಣ್ಣಿಗಿ ಜಾಸ್ತಿ ಅದ."

"ಹಣ್ಣಾಗ್ಯದೇನ್ರಿ?" ಎಂದು ತಿಳಿದವಳ ಹಾಗೆ ಕೇಳಿದೆ. "ಪೊರೆ ಹಣ್ಣಾದ ಮ್ಯಾಲೇ ಕೊಯ್ಬೇಕಂತ ನಮ್ಮತ್ತಿ ಹೇಳ್ತಿದ್ರು."

"ಅದೇನು ಸೀತಾಫಲ ಅಲ್ರಿ ಅಮ್ಮಾ. ಹಣ್ಣಾಗೋತನ ಕಾಯೋ ಕಾಲ ಹೋಯ್ತು. ಭಾಳ ಬಲಿತ್ರ ತೆಗಿಯೋದೇ ಕಷ್ಟ ಆಗ್ತದ."

"ಹಂಗಾರ ಯಾವಾಗ ಮಾಡಸ್ಬೇಕ್ರಿ?"

"ಇವತ್ತೇ ಮಾಡಸ್ರಿ ಅಂತ ನಾ ಅವಸರ ಮಾಡಲ್ಲ. ದಿನದ ಕೆಲಸಕ್ಕ ತ್ರಾಸ ಆಗ್ಲಿಕತ್ತದ ಅಂದ್ರ ಬಂದುಬಿಡ್ರಿ. ಆಪರೇಷನ್ ಆದ ಮ್ಯಾಲೆ ಕೆಲವು ವಾರ ತಲಿಮ್ಯಾಲೆ ನೀರು ಹಾಕ್ಕೊಳಂಗಿಲ್ಲ, ಬಗ್ಗಂಗಿಲ್ಲ, ಒಲಿ ಹೊಗಿ ತಾಕಬಾರದು. ಅದನ್ನ ಲೆಕ್ಕ ಹಾಕಿ ಯಾವಾಗ ಅನ್ನೋದು ನೀವೇ ಹೇಳ್ಬೇಕು."

ನೀವೇ ಹೇಳಬೇಕು! ನನ್ನ ಮದುವೆ ಯಾವಾಗ ಎಂಬುದನ್ನು ಅಪ್ಪ ಹೇಳಿದ್ದರು. ಊಟ ಯಾವಾಗ ಎಂಬುದನ್ನು ನಮ್ಮವರ ಡ್ಯೂಟಿ ಹೇಳುತ್ತಿತ್ತು. ಉಪವಾಸ ಯಾವಾಗ ಎಂಬುದನ್ನು ಪಂಚಾಂಗ ಹೇಳುತ್ತದೆ. "ಯಾವಾಗ" ಎಂದು ನನ್ನನ್ನೇ ಕೇಳಿದ ಮೊದಲ ವ್ಯಕ್ತಿ ಆ ಡಾಕ್ಟರಮ್ಮ. ಇಷ್ಟು ದೊಡ್ಡ ಅಧಿಕಾರ ಒಮ್ಮೆಲೇ ಕೈಗೆ ಬಂದರೆ ಮನುಷ್ಯರು ಏನು ಮಾಡುತ್ತಾರೆ? ಮುಂದೂಡುತ್ತಾರೆ!

ಮುಂದೂಡಲು ನನ್ನ ಹತ್ತಿರ ಗೌರವಯುತವಾದ ಕಾರಣವೂ ಇತ್ತು. ಒಬ್ಬಳೇ ಮಗಳು ಭಾಗ್ಯ, ಚಿಂಚೋಳಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ಐದು ತಿಂಗಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಆದರೆ ಅವಳ ಅತ್ತೆ, ಅಂದರೆ ನನ್ನ ಬೀಗತಿ ನಾಗಮ್ಮನವರು, ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದರಲ್ಲಿ ಇಡೀ ತಾಲೂಕಿಗೆ ಹೆಸರಾದವರು. ಮೊದಲ ಮೊಮ್ಮಗುವನ್ನು ತಮ್ಮ ಕಾಲಮೇಲೆಯೇ ಮಲಗಿಸಿಕೊಳ್ಳಬೇಕೆಂಬ ಆಸೆ ಅವರಿಗೂ ಇತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು "ಅಕ್ಕಾ" ಎಂದೇ ಕರೆಯುತ್ತೇವೆ. ಪ್ರೀತಿಯಿಂದಲ್ಲ, ತಾನೇ ಚಿಕ್ಕವಳು ಎಂಬ ಹಟ ಇಬ್ಬರಿಗೂ!

ಒಂದು ದಿನ ಅವರ ಫೋನು ಬಂತು.

"ಅಕ್ಕಾ, ನಿಮ್ಮ ಕಣ್ಣಿಗಿ ಏನೋ ಆಗ್ಯದಂತ?"

"ಛೇ ಛೇ! ವಾಡಿ ಧೂಳು ಅಕ್ಕಾ, ಅಷ್ಟೇ."

"ಹಂಗಾರ ಛಲೋ ಆಯ್ತು. ಕಣ್ಣು ಕಾಣಲ್ದ ಕೂಸಿಗಿ ನೀರು ಎರಿಯೋದು ಹುಡುಗಾಟ ಅಲ್ಲ ನೋಡ್ರಿ. ತ್ರಾಸ ಇದ್ರ ಹೇಳ್ರಿ, ಬಾಣಂತನ ಇಲ್ಲೇ ನಾನೇ ಮಾಡ್ತೀನಿ."

ಅಲ್ಲಿಗೆ ನನ್ನ ಪೊರೆ ರಾಜ್ಯದ ಗುಟ್ಟಾಯಿತು. ಆಪರೇಷನ್ ಮಾಡಿಸಿದರೆ ಕರಿ ಚಷ್ಮಾ ಹಾಕಬೇಕು, ಸುದ್ದಿ ಚಿಂಚೋಳಿಗೆ ಹೋಗುತ್ತದೆ, ಮಗಳು ಕೈತಪ್ಪುತ್ತಾಳೆ. ಮಾಡಿಸದಿದ್ದರೆ ಎಳೆಗೂಸನ್ನು ಮಸುಕಿನಲ್ಲೇ ಮೀಯಿಸಬೇಕು. ಹಾಗಾದರೆ ಈಗಲೋ, ಬಾಣಂತನ ಮುಗಿಸಿಯೋ? ಹಗಲು ಹೊತ್ತು ಲೆಕ್ಕ ಹಾಕುತ್ತಿದ್ದೆ. ಕಣ್ಣಿನ ಹತ್ತಿರ ಕತ್ತರಿ ಬರುವುದನ್ನು ನೆನೆದೊಡನೆ ಲೆಕ್ಕ ತಾನಾಗಿಯೇ "ಬಾಣಂತನ ಮುಗಿಸಿ" ಎಂಬ ಕಡೆಗೆ ವಾಲುತ್ತಿತ್ತು. ಅದು ನನ್ನ ತಪ್ಪಲ್ಲ, ಲೆಕ್ಕದ್ದು.

ಪಕ್ಕದ ಮನೆಯ ಫಾತಿಮಾ ಆಪಾ ಎರಡೂ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಕೂತವರು. ಗೋಡೆಯ ಆಚೆಯಿಂದ ದಿನವೂ ಒಂದು ಪಾಠ.

"ಅಕ್ಕಾ, ಸೂಜ್ಯಾಗ ದಾರ ಹಾಕಿದಷ್ಟು ಹೊತ್ತೂ ಹಿಡಿಯಲ್ಲ ಅದು. ಕುರಾನ್ ಶರೀಫಿನ ಅಕ್ಷರ ನನಗ ಈಗ ಹೊಸ ಮುತ್ತು ಕಂಡಂಗ ಕಾಣ್ತಾವ. ನೀವು ಯಾಕ ಹೆದರ್ಲಿಕತ್ತೀರಿ?"

"ಹೆದರಿಕಿ ಅಲ್ಲ ಆಪಾ. ಟೈಮು ನೋಡ್ಲಿಕತ್ತೀನಿ."

"ಗಡಿಯಾರದ ಮುಳ್ಳು ಕಾಣ್ತದೇನು, ಟೈಮು ನೋಡಾಕ? ಅಲ್ಲಾಹ ಡಾಕ್ಟರಿಗಿ ಕೈ ಕೊಟ್ಟಾನ, ನಮಗ ಕಾಲು ಕೊಟ್ಟಾನ. ನಡೀರಿ ಅಂದ್ರ ನಡೀಬೇಕು. ಇನ್ನ ಯಾರ್ನ ಕೇಳ್ತೀರಿ?"

ಯಾರನ್ನು ಕೇಳಬೇಕೆಂದು ನನಗೆ ಆಗಲೇ ಹೊಳೆಯಿತು. ದೇವರನ್ನು!

ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಹೂ ಕೇಳುವ ಪದ್ಧತಿ ಇದೆ. ದೇವರ ಜಗಲಿಯ ಮೇಲಿನ ಹಿತ್ತಾಳೆಯ ವೀರಭದ್ರನ ಎರಡೂ ಭುಜಕ್ಕೆ ಗಂಧದಲ್ಲಿ ಅದ್ದಿದ ಒಂದೊಂದು ಮಲ್ಲಿಗೆ ಅಂಟಿಸಿ ಪ್ರಶ್ನೆ ಕೇಳಬೇಕು. ದೇವರ ಬಲಭುಜದ ಹೂ ಬಿದ್ದರೆ "ಆಗಲಿ", ಎಡಭುಜದ್ದು ಬಿದ್ದರೆ "ಈಗ ಬೇಡ". ಕೇಳಿದ ಕೆಲಸ ಪೂರ್ತಿಯಾಗುವ ತನಕ ಬಿದ್ದ ಹೂವನ್ನು ಯಾರೂ ಮುಟ್ಟಬಾರದು. ಇದು ಅತ್ತೆಯವರ ಕಟ್ಟಳೆ.

ಸೋಮವಾರ ಸ್ನಾನ ಮಾಡಿ, ದೀಪ ಹಚ್ಚಿ, ಹೂ ಅಂಟಿಸಿದೆ. ಬಲಭುಜದ ಹೂವಿಗೆ ಗಂಧ ತುಸು ಜಾಸ್ತಿಯೇ ಹತ್ತಿತು. ಮಸುಕು ಕಣ್ಣು, ಅಂದಾಜಿನ ಕೈ. ಬೇಕೆಂದು ಮಾಡಿದ್ದಲ್ಲ ಎಂದೇ ನಾನು ಇಂದಿಗೂ ಹೇಳುತ್ತೇನೆ.

"ಸ್ವಾಮಿ ವೀರಭದ್ರಾ, ಆಪರೇಷನ್ ಈಗಲೇ ಆಗಲಾ?"

ದೇವರು ಸುಮ್ಮನಿದ್ದ. ನಾನು ಕಣ್ಣು ಮುಚ್ಚಿ ಜಪಕ್ಕೆ ಕುಳಿತೆ. ಒಳ್ಳೆಯ ಹೊತ್ತು ಕಳೆದ ಮೇಲೆ ಏನೋ ಉದುರಿದ ಹಾಗಾಯಿತು. ಕಣ್ಣು ಬಿಟ್ಟೆ. ದೀಪದ ಸುತ್ತ ನನ್ನ ಪ್ರಭಾವಳಿ ಝಗಮಗಿಸುತ್ತಿತ್ತು, ಭುಜದ ಕಡೆ ಏನೂ ಸ್ಪಷ್ಟವಿಲ್ಲ. ಆದರೆ ಕೆಳಗೆ, ದೇವರ ಎಡಪಾದದ ಪಕ್ಕ, ಬೆಳ್ಳಗೆ ದುಂಡಗೆ ಒಂದು ಹೂ ಬಿದ್ದಿತ್ತು. ಎಡ! ಈಗ ಬೇಡ! ನಾನು ಉದ್ದಂಡ ನಮಸ್ಕಾರ ಹಾಕಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದೇ ದೇವರ ಮನಸ್ಸಿನಲ್ಲೂ ಇತ್ತು. ಭಕ್ತಿ ಎಂದರೆ ಇದೇ ಅಲ್ಲವೇ?

ಉಳಿದ ಹೂ ಮರುದಿನ ಮಾಲೆ, ಪತ್ರೆಗಳ ಜೊತೆ ಒಂದೇ ಬಾಚಿಗೆ ನಿರ್ಮಾಲ್ಯಕ್ಕೆ ಹೋಯಿತು. ಬಿದ್ದ ಹೂ ಕಟ್ಟಳೆಯಂತೆ ಅಲ್ಲೇ ಉಳಿಯಿತು. ಮತ್ತು ಅಲ್ಲಿಂದ ಪವಾಡ ಶುರುವಾಯಿತು.

ಮೂರನೆಯ ದಿನ ನೋಡಿದೆ, ಹೂ ಬಾಡಿಲ್ಲ. ವಾರ ಕಳೆದು ನೋಡಿದೆ, ಬೆಳ್ಳಗೆ ಅರಳಿದ ಹಾಗೆಯೇ ಇದೆ. ಬೆಳಗ್ಗೆ ಕಟ್ಟಿದ ಮಾಲೆ ಮಧ್ಯಾಹ್ನಕ್ಕೆ ಕಂದುವ ಈ ಸೆಕೆಯ ಊರಿನಲ್ಲಿ! ನಮ್ಮವರಿಗೆ ಹೇಳಿದರೆ "ಹೂಂ" ಎಂದರು. ಅವರು ದಿನವೂ ಜಗಲಿಯ ಮುಂದೆ ಕೈ ಮುಗಿಯುತ್ತಾರೆ ನಿಜ, ಆದರೆ ಕಣ್ಣು ಮುಚ್ಚಿಕೊಂಡು. ಮದುವೆಯಾದಾಗಿನಿಂದ ಅವರು ನಮ್ಮ ಮನೆದೇವರ ಮುಖ ನೋಡಿದ್ದಾರೆಂದು ನನಗೆ ನಂಬಿಕೆಯಿಲ್ಲ. ತಡೆಯಲಾರದೆ ಗೋಡೆಯ ಹತ್ತಿರ ಹೋದೆ.

"ಆಪಾ, ದೇವರು ಕೊಟ್ಟ ಮಲ್ಲಿಗಿ ಬಾಡೇ ಇಲ್ಲ!"

"ಫ್ರಿಜ್ಜಿನ್ಯಾಗ ಇಟ್ಟೀರೇನು?"

"ಜಗಲಿ ಮ್ಯಾಲೆ ಅದ ಆಪಾ!"

"ಹಂಗಾರ ಪ್ಲಾಸ್ಟಿಕ್ಕಿಂದು ಇರ್ಬೇಕು, ಸರಿಯಾಗಿ ನೋಡ್ರಿ," ಎಂದು ಅವರು ಚಾದರ ಕೊಡವಿದರು. ಪಾಪ, ಪವಾಡಗಳ ಅನುಭವ ಕಡಿಮೆ ಎಂದು ನಾನು ಅವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಏಳನೆಯ ತಿಂಗಳು ಕುಬಸದ ಕಾರ್ಯ ಬಂತು. ತಾಯಿಯಾದವಳು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಬೀಗರ ಮನೆಗೆ ಹೋಗಿ ಬಸುರಿ ಮಗಳಿಗೆ ಉಡಿ ತುಂಬಬೇಕು. ಬೀಗತಿಯ ಕಣ್ಣೆದುರಿಗೆ ಒಂದು ದಿನವಿಡೀ ಕಣ್ಣು ಕಾಣುವವಳಂತೆ ನಡೆದುಕೊಳ್ಳಬೇಕು. ಅಷ್ಟೇ ತಾನೆ? ನನಗೆ ಧೈರ್ಯವಿತ್ತು. ಬಾಡದ ಮಲ್ಲಿಗೆಯ ಬೆಂಬಲವಿತ್ತು.

ವಾಡಿಯಿಂದ ರೈಲಿನಲ್ಲಿ ಚಿತ್ತಾಪುರ ದಾಟಿ ಸೇಡಂ ತಲುಪಿದೆವು. ಅಲ್ಲಿಂದ ಚಿಂಚೋಳಿಗೆ ಬಸ್ಸು. ಸೇಡಂ ಪ್ಲಾಟ್‌ಫಾರ್ಮಿನಲ್ಲಿ ನಮ್ಮವರ ಬಿಳಿ ಅಂಗಿಯ ಬೆನ್ನು ಹಿಡಿದು ನಡೆಯುತ್ತ, ಹೇಳಬೇಕಾದ ಬುದ್ಧಿಮಾತೆಲ್ಲ ಹೇಳಿದೆ.

"ಬಳಿ ಡಬ್ಬಿ ಜ್ವಾಕಿ, ಒಡದೀತು. ಬೀಗರ ಮನ್ಯಾಗ ನನ್ನ ಕಣ್ಣಿನ ಸುದ್ದಿ ತೆಗೀಬ್ಯಾಡ್ರಿ. ಮತ್ತ ಮಜ್ಜಿಗಿ ಕುಡಿಯೋ ಮುಂದ ಸುರ್ ಅಂತ ಸಪ್ಪಳ ಮಾಡಬ್ಯಾಡ್ರಿ, ನಾಕು ಮಂದ್ಯಾಗ ಛಂದ ಕಾಣಲ್ಲ."

ಬಿಳಿ ಅಂಗಿ ನಿಂತು, ಹಿಂತಿರುಗಿ, ಕೈ ಮುಗಿಯಿತು. "ಆಯ್ತ್ರಿ ಯವ್ವಾ, ಇನ್ನಮ್ಯಾಲೆ ಸಪ್ಪಳ ಮಾಡಲ್ಲ."

ದನಿ ಬೇರೆ! ಮೀಸೆ ಬೇರೆ! ನಮ್ಮವರು ಬಳೆ ಡಬ್ಬಿ ಹಿಡಿದು ಹಿಂದೆ ಓಡಿ ಬರುತ್ತಿದ್ದರು. ಆ ಪುಣ್ಯಾತ್ಮ ಯಾರೋ ಏನೋ, ಈಗಲೂ ಎಲ್ಲೋ ನಿಶ್ಶಬ್ದವಾಗಿ ಮಜ್ಜಿಗೆ ಕುಡಿಯುತ್ತಿರಬೇಕು.

ಬೀಗರ ಮನೆಯಲ್ಲಿ ಪಡಸಾಲೆಯ ನಡುವೆ ಹೂ ಕಟ್ಟಿದ ಕುರ್ಚಿ. ಸುತ್ತ ಮುತ್ತೈದೆಯರು, ಫೋಟೋದವನು. ತಾಯಿಯದ್ದೇ ಮೊದಲ ಉಡಿ ಎಂದು ನನ್ನನ್ನು ಕರೆದರು. ನಾನು ತಟ್ಟೆ ಹಿಡಿದು ಗಂಭೀರವಾಗಿ ನಡೆದೆ. ಕುರ್ಚಿಯ ಮೇಲೆ ಹಸಿರು ಸೀರೆ ಉಟ್ಟ ಮಗಳು ಕೂತಿದ್ದಳು. ಅರಿಶಿನ ಹಚ್ಚಿದೆ. ಕೆನ್ನೆ ಯಾಕೋ ಇಳಿದು ಜೋತಿತ್ತು. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದೆ.

"ಯಾಕವ್ವಾ ಇಷ್ಟು ಸೊರಗೀದಿ? ನಿಮ್ಮತ್ತಿ ಹೊಟ್ಟಿಗಿ ಹಾಕ್ಲಿಕತ್ತಿಲ್ಲೇನು?"

ಮಗಳು ಮಾತಾಡಲಿಲ್ಲ. ಅತ್ತೆಯ ಭಯ ಎಂದುಕೊಂಡೆ. ಕುಂಕುಮ ಇಟ್ಟೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಉಡಿಗೆ ಸುರಿದೆ. ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹರಸಿದೆ. "ಗುಂಡಕಲ್ಲಿನಂಥ ಕೂಸಿನ ಹಡಿ ನನ್ನ ಕಂದಾ!"

ಆಗ ನನ್ನ ಹಿಂದಿನಿಂದ, ಬಚ್ಚಲಿನ ಬಾಗಿಲ ಕಡೆಯಿಂದ, ಮಗಳ ದನಿ ಕೇಳಿತು.

"ಅವ್ವಾ, ನಾ ಇಲ್ಲಿದ್ದೀನಿ."

ಭಾಗ್ಯ ಬಚ್ಚಲಿಗೆ ಹೋದಾಗ, ನೋಯುವ ಮೊಣಕಾಲಿಗೆ ಒಂದಿಷ್ಟು ವಿಶ್ರಾಂತಿ ಇರಲಿ ಎಂದು ಖಾಲಿ ಕುರ್ಚಿಯಲ್ಲಿ ಕೂತವರು ಸಾಕ್ಷಾತ್ ಬೀಗತಿ! ಅವರೂ ಹಸಿರು ಸೀರೆ ಉಟ್ಟಿದ್ದರು. ಮುತ್ತೈದೆಗೆ ಅರಿಶಿನ ಹಚ್ಚಿದ ಮೇಲೆ ಆಕೆ ಉಡಿ ಬೇಡ ಎನ್ನಬಾರದು, ನಡುವೆ ಏಳಬಾರದು. ಶಾಸ್ತ್ರ ಬಲ್ಲ ಹೆಣ್ಣುಮಗಳು, ಮುಖದ ಒಂದು ಗೆರೆ ಅಲುಗದಂತೆ ಪೂರ್ತಿ ತುಂಬಿಸಿಕೊಂಡಿದ್ದರು. ಈಗ ಉಡಿ ಹಿಡಿದು ನಿಧಾನವಾಗಿ ಎದ್ದರು.

"ಅಕ್ಕಾ, ನಮ್ಮತ್ತಿ ನನಗ ಹೊಟ್ಟಿಗಿ ಹಾಕಿಲ್ಲ ಅಂದ್ರಿ. ಖರೇ ಅದ. ಆದ್ರ ಅವರು ತೀರಿಕೊಂಡು ಭಾಳ ವರ್ಷ ಆಯ್ತು. ಇನ್ನ ಕೂಸಿನ ಮಾತು. ನೀವು ಇಷ್ಟು ಮನಸಾರೆ ಹರಸೀರಿ, ನಾ ಇಲ್ಲ ಅನ್ನಲ್ಲ. ಏನರ ಆದ್ರ ಬಾಣಂತನಕ್ಕ ನಿಮ್ಮನಿಗೇ ಬರ್ತೀನಿ!"

ಆ ಮೇಲೆ ಎದ್ದ ನಗೆಗೆ ಓಣಿಯ ನಾಯಿಗಳು ಬೊಗಳಿದವು. ಫೋಟೋದವನು ಒಂದನ್ನೂ ಬಿಡದೆ ತೆಗೆದಿದ್ದ. ಕುಬಸದ ಆಲ್ಬಮ್ಮಿನ ಮೊದಲ ಪುಟದಲ್ಲಿ ಇಂದಿಗೂ ನಾನು ಬೀಗತಿಯ ತಲೆಯ ಮೇಲೆ ಕೈಯಿಟ್ಟು ನಿಂತಿದ್ದೇನೆ. ಉಡಿಯ ಅಕ್ಕಿಯಲ್ಲಿ ಕಲ್ಲು ಇರಲಿಲ್ಲವಂತೆ. ಆ ದಿನದ ದಯೆ ಅಷ್ಟು.

ಊಟವಾದ ಮೇಲೆ ಬೀಗತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ನಗೆ ಮುಗಿದಿತ್ತು.

"ಧೂಳು ಅಂದ್ರಿ ಅಕ್ಕಾ. ಇದು ಧೂಳೇನು? ಸೊಸಿ ಯಾರು, ಅತ್ತಿ ಯಾರು ಕಾಣಲ್ಲ ನಿಮಗ. ಕೂಸಿನ ಬಾಯಿ ಎಲ್ಲದ, ಮೂಗು ಎಲ್ಲದ, ಹ್ಯಾಂಗ ತಿಳೀತದ? ಭಾಗ್ಯ ಇಲ್ಲೇ ಇರಲಿ."

ನಾನು ಎಲ್ಲ ಹೇಳಿದೆ. ಡಾಕ್ಟರು, ಹೂವಿನ ಅಪ್ಪಣೆ, ಬಾಡದ ಮಲ್ಲಿಗೆ. ಬೀಗತಿಯೂ ದೈವಭಕ್ತೆ. ಕೈ ಜೋಡಿಸಿದರು.

"ಇಷ್ಟು ದಿನ ಆದ್ರೂ ಬಾಡಿಲ್ಲ? ಶಿವನೇ! ನಾ ಬಂದು ದರ್ಶನ ಮಾಡ್ಲೇಬೇಕು." ಆಮೇಲೆ ದನಿ ಬದಲಾಯಿತು. "ಆದ್ರ ಅಕ್ಕಾ, ಕೂಸಿಗಿ ನೀರು ಎರಿಯೋದು ಆ ಹೂವಲ್ಲ, ನೀವು. ಕಣ್ಣು ಮಾಡಸ್ಕೊಂಡ್ರ ನಾನೇ ಸೊಸಿನ ಕರಕೊಂಡು ಬಂದು ಬಿಡ್ತೀನಿ. ಇಲ್ಲಾಂದ್ರ ಇಲ್ಲ."

ಹೊರಡುವಾಗ ಭಾಗ್ಯ ನನ್ನ ಸೆರಗು ಹಿಡಿದು ಹಿತ್ತಲಿಗೆ ಎಳೆದಳು. "ಅವ್ವಾ, ನಂಗ ನಿನ್ನ ಬಲ್ಲೇ ಬರಬೇಕಾಗ್ಯದ. ಇಲ್ಲಿ ಅತ್ತಿ ಛಲೋನೇ ಇದ್ದಾರ. ಆದ್ರ ಸುಮ್ ಸುಮ್ನ ಅಳು ಬಂದಾಗ ಅವರ ಮುಂದ ಅಳಾಕ ಬರಲ್ಲ." ಅವಳ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲು ಕೆನ್ನೆ ಮುಟ್ಟಿ ನೋಡಬೇಕಾಯಿತು. ಒದ್ದೆಯಾಗಿತ್ತು.

ಬರುವಾಗ ರೈಲಿನಲ್ಲಿ ತೀರ್ಮಾನವಾಯಿತು. ದೇವರ ಮಾತು ಮೀರಿದರೆ ತಪ್ಪುಕಾಣಿಕೆ ಕಟ್ಟಿ ಕ್ಷಮೆ ಕೇಳಬಹುದು. ಬೀಗತಿಯ ಮಾತು ಮೀರಿದರೆ ಯಾವ ಶಾಸ್ತ್ರದಲ್ಲೂ ಪರಿಹಾರವಿಲ್ಲ! ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಹೇಳಿದ್ದು ಒಂದೇ ಮಾತು. "ನಿನ್ನ ಗಾಡಿಗಿ ಅಂತೂ ಲೈನ್ ಕ್ಲಿಯರ್ ಸಿಕ್ತು."

ಮನೆಗೆ ಬಂದು ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ವೀರಭದ್ರನ ಮುಂದಿಟ್ಟೆ. "ಬ್ಯಾಡ ಅಂದಿ ತಂದೆ, ಆದ್ರೂ ಹೊಂಟೀನಿ. ಸಿಟ್ಟಾಗಬ್ಯಾಡ." ಬಾಡದ ಮಲ್ಲಿಗೆ ಎಡಪಾದದ ಬಳಿ ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು.

ಆಪರೇಷನ್ನಿನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದೇ ನನಗೆ ಸ್ವಲ್ಪ ಬೇಜಾರು. ಇಷ್ಟು ದಿನ ಹೆದರಿದ್ದಕ್ಕೆ ಒಂದಿಷ್ಟಾದರೂ ನೋಯಬೇಕಿತ್ತು. ನಾನು ಮಲಗಿದಲ್ಲೇ ಪಂಚಾಕ್ಷರಿ ಜಪ ಶುರು ಮಾಡಿದೆ.

"ಅಮ್ಮಾ, ಮನಸ್ಸಿನ್ಯಾಗ ಹೇಳ್ರಿ. ಗದ್ದ ಅಳ್ಳಾಡ್ಲಿಕತ್ತದ," ಎಂದಳು ಡಾಕ್ಟರಮ್ಮ.

ಮನಸ್ಸಿನಲ್ಲಿ ಹೇಳತೊಡಗಿದೆ. ಎಣಿಕೆ ತಪ್ಪಿತು. ಮೊದಲಿನಿಂದ ಶುರು ಮಾಡುವಷ್ಟರಲ್ಲಿ "ಆಯ್ತ್ರಿ, ಏಳ್ರಿ" ಎಂದರು! ಬಸಿರಿನ ತಿಂಗಳುಗಳನ್ನೆಲ್ಲ ಲೆಕ್ಕ ಹಾಕಿ ಹಾಕಿ ದೂಡಿದ್ದು ಒಂದು ಜಪಮಾಲೆ ಮುಗಿಯದಷ್ಟು ಹೊತ್ತಿನ ಕೆಲಸವನ್ನು.

ಮರುದಿನ ಬಲಗಣ್ಣಿನ ಪಟ್ಟಿ ತೆಗೆದರು. ವಾಡಿಗೆ ಬಂದು ಅಂಗಳದಲ್ಲಿ ನಿಂತೆ. ನೀರಿನ ಟಾಕಿಯ ಮೇಲೆ ಕೂತ ಕಾಗೆಯ ಕೊಕ್ಕು ಕಂಡಿತು. ಸ್ಟೇಷನ್ನಿನ ಬೋರ್ಡಿನ ಅಕ್ಷರ ಕಂಡಿತು.

"ರೀ, ಕಾರ್ಖಾನಿಯವರು ಧೂಳು ಭಾಳ ಕಡಿಮಿ ಮಾಡ್ಯಾರ ನೋಡ್ರಿ!"

"ಅವರಿಗಿ ಹೇಳ್ತೀನಿ, ಖುಷಿ ಪಡ್ತಾರ," ಎಂದರು ನಮ್ಮವರು.

ಆದರೆ ದೇವರ ಜಗಲಿಯ ಹತ್ತಿರ ಹೋಗುವಂತಿರಲಿಲ್ಲ. ಬಗ್ಗಬಾರದು, ಹೊಗೆ ತಾಕಬಾರದು. ನಾಲ್ಕು ವಾರ ಪೂಜೆ ನಮ್ಮವರದೇ, ಎಂದಿನಂತೆ ಕಣ್ಣು ಮುಚ್ಚಿಕೊಂಡು. ನಾನು ಕರಿ ಚಷ್ಮಾ ಹಾಕಿ ಹೊಸ್ತಿಲಿನಿಂದಲೇ ಕೈ ಮುಗಿಯುತ್ತಿದ್ದೆ.

ಡಾಕ್ಟರಮ್ಮ ಬಗ್ಗಬಹುದು ಎಂದ ವಾರವೇ ಬೀಗತಿ ಮಾತಿಗೆ ತಪ್ಪದೆ ಭಾಗ್ಯಳನ್ನು ಕರೆದುಕೊಂಡು ಬಂದರು. ಕೈಕಾಲು ತೊಳೆದವರೇ, ನೀರು ಕೂಡ ಕುಡಿಯದೆ, "ಅಕ್ಕಾ, ಮದಲ ಮಲ್ಲಿಗಿ ದರ್ಶನ ಆಗಲಿ" ಎಂದರು. ನಾನು ಮುಂದೆ, ಅವರು ಹಿಂದೆ, ಭಾಗ್ಯ ಬಾಗಿಲಲ್ಲಿ. ನಾಲ್ಕು ವಾರದ ಮೇಲೆ ಜಗಲಿಯ ಮುಂದೆ ಕೂತು ಹೊಸ ಕಣ್ಣಿನಿಂದ ನೋಡಿದೆ.

ವೀರಭದ್ರನ ಮೀಸೆ ಕಂಡಿತು. ಎಡಪಾದದ ಬಳಿಯ ಬಾಡದ ಮಲ್ಲಿಗೆಯೂ ಕಂಡಿತು. ಅದು ಹೂಬತ್ತಿ.

ದೀಪಕ್ಕೆಂದು ನಾನೇ ಅರಳೆಯಲ್ಲಿ ಹೊಸೆದಿಟ್ಟ ಬತ್ತಿ! ಪಕ್ಕದಲ್ಲೇ ಬತ್ತಿಯ ಡಬ್ಬಿ, ಮುಚ್ಚಳವಿಲ್ಲದೆ. ಯಾವಾಗಲೋ ಒಂದು ಉದುರಿದೆ. ಅರಳೆ ಯಾಕೆ ಬಾಡುತ್ತದೆ! ಬಗ್ಗಿ ಇನ್ನೂ ಸ್ವಲ್ಪ ಒಳಗೆ ನೋಡಿದೆ. ದೇವರ ಬಲಗಡೆ, ಪೀಠಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ, ಗಂಧ ಮೆತ್ತಿದ ಒಂದು ಮಲ್ಲಿಗೆ ಒಣಗಿ ಜೀರಿಗೆಯ ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಅಷ್ಟು ಗಂಧ ಹಚ್ಚಿದ್ದರೂ ಬಿದ್ದಿತ್ತು. ಬಲಭುಜದ್ದು. "ಆಗಲಿ" ಎಂದು ದೇವರು ಆ ಸೋಮವಾರವೇ ಹೇಳಿ ತನ್ನ ಕೆಲಸ ಮುಗಿಸಿದ್ದ.

ಕಣ್ಣು ಕಾಣದ ವಿಷಯವನ್ನು ತೀರ್ಮಾನಿಸಲು ಕಣ್ಣು ಕಾಣದವಳನ್ನೇ ಕೂರಿಸಿದರೆ ದೇವರಾದರೂ ಏನು ಮಾಡಿಯಾನು?

ಹಿಂದೆ ಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವಳಿಗೆ ಕಂಡಿತ್ತು. ನಾನು ತಲೆ ಎತ್ತದೆ ಬೀಗತಿಯ ನಗೆಗಾಗಿ ಕಾದೆ. ನಗೆ ಬರಲಿಲ್ಲ. ಬೀಗತಿ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ, ಹೂಬತ್ತಿಗೆ ಕೈ ಮುಗಿಯುತ್ತಿದ್ದರು.

"ಎಂಥಾ ತಾಜಾ ಅದ ಅಕ್ಕಾ! ಈಗ ಗಿಡದಾಗಿಂದ ಹರಕೊಂಡು ಬಂದಂಗ ಅದ. ವಾಸನಿ ಸೈತ ಬರ್ಲಿಕತ್ತದ!"

ಊದುಬತ್ತಿ ಮಲ್ಲಿಗೆಯದು. ನಾನು ಭಾಗ್ಯಳ ಮುಖ ನೋಡಿದೆ. ಭಾಗ್ಯ ನನ್ನ ಮುಖ ನೋಡಿದಳು.

"ಅಕ್ಕಾ," ಎಂದೆ ಆದಷ್ಟು ಮೆತ್ತಗೆ, "ನಾಳಿಗಿ ಹೆಂಗೂ ನಾ ಶಹಾಬಾದಿಗಿ ಹೊಂಟೀನಿ. ನೀವೂ ಬರ್ರಿ. ಒಮ್ಮಿ ಕಣ್ಣು ತೋರಿಸ್ಕೊಂಡು ಬರೂಣು."

ಬೀಗತಿ ಸೆಟೆದು ಕೂತರು. "ಯಾಕ್ರಿ? ನನ್ನ ಕಣ್ಣಿಗಿ ಏನಾಗ್ಯದ? ಚಿಂಚೋಳ್ಯಾಗ ಒಲಿ ಹೊಗಿ ಜಾಸ್ತಿ ಅದ, ಅಷ್ಟೇ!"

ಅವರನ್ನು ನೋಡಿ ನಗುವ ಅರ್ಹತೆ ನನಗಿರಲಿಲ್ಲ. ಹಾಗಾಗಿ ಎದ್ದು ಚಹಾ ಇಟ್ಟೆ. ಮರುದಿನ ಇಬ್ಬರೂ ಶಹಾಬಾದಿಗೆ ಹೋದೆವು. ಅವರಿಗೂ ಎರಡೂ ಕಣ್ಣಿಗೆ ಪೊರೆ. "ಹಣ್ಣಾಗ್ಯದೇನ್ರಿ?" ಎಂದು ಅವರು ಡಾಕ್ಟರಮ್ಮನನ್ನು ಕೇಳಿದಾಗ ನಾನು ಗೋಡೆಯ ಕಡೆ ನೋಡುತ್ತ ನಿಂತೆ.

ಆ ಹೂಬತ್ತಿಯನ್ನು ಸಂಜೆಯ ದೀಪಕ್ಕೆ ಹಾಕಿದೆ. ಚೆನ್ನಾಗಿ ಉರಿಯಿತು. ತಪ್ಪುಕಾಣಿಕೆಯನ್ನು ಬಿಚ್ಚಲಿಲ್ಲ. ಮೀರದ ಮಾತಿಗೆಂದು ಕಟ್ಟಿದ್ದು, ನೋಡದೆ ಬಿಟ್ಟ ಮಾತಿಗೆ ಜಮೆಯಾಗಲಿ ಎಂದು ನಾಲವಾರದ ಮಠಕ್ಕೆ ಹೋಗಿ ಒಪ್ಪಿಸಿ ಬಂದೆ. ಭಾಗ್ಯ ಹೆಣ್ಣು ಕೂಸು ಹಡೆದಳು. ದಿನವೂ ನಾನೇ ಕಾಲಮೇಲೆ ಮಲಗಿಸಿಕೊಂಡು ನೀರೆರೆಯುತ್ತೇನೆ. ಕೂಸಿನ ಎಡಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ ಇದೆ. ಮೊದಲು ಕಂಡದ್ದು ನನಗೇ.

ಮೊನ್ನೆ ಡಾಕ್ಟರಮ್ಮ ಮತ್ತೆ ಕೇಳಿದಳು. "ಎಡಗಣ್ಣಿಗಿ ಯಾವಾಗ್ರಿ ಅಮ್ಮಾ? ನೀವೇ ಹೇಳ್ಬೇಕು."

"ದೇವರನ್ನ ಒಂದು ಮಾತು ಕೇಳಿ ಹೇಳ್ತೀನ್ರಿ," ಎಂದು ಬಂದಿದ್ದೇನೆ. ಸೋಮವಾರಕ್ಕೆ ಮಲ್ಲಿಗೆ ಹೇಳಿಟ್ಟಿದ್ದೇನೆ.

ನಮ್ಮವರು ಆಗಲೇ ಹೂಬತ್ತಿಯ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದಾರೆ.